ಡಬ್ಬಿ ಕಾಣತ್ತಾ?

ಮೊನ್ನೆ ವಿಡಿಯೋ ಕಾಲಲ್ಲಿ ಅಮ್ಮನ ಮೊದಲನೇ ಮಾತೇ "ಎಷ್ಟು ಬಡವಾಗಿದೀಯೇ, ಆ ಡಬ್ಬಿ ಇನ್ನೂ ಎದ್ದು ಕಾಣ್ತಿದೆ, ಸ್ವಲ್ಪ ಮೈ ಬರಿಸ್ಕೋಬಾರ್ದಾ". ನಕ್ಕು ಸುಮ್ನಾದೆ, ಆದ್ರೆ ಕಾಲ್ ಇಟ್ಟ ಮೇಲೆ ಸೀದಾ ಕನ್ನಡಿ ಮುಂದೆ ಹೋಗಿ ನಿಂತೆ. ಕಾಣತ್ತೆ, ಹೌದು. ಎಡಗಡೆ ಕಾಲರ್ ಬೋನ್ ಕೆಳಗೆ ಬೆಂಕಿಪೊಟ್ಟಣದಷ್ಟಗಲದ ಉಬ್ಬು, ಮೂಲೆ ಮಾತ್ರ ದುಂಡಗೆ, ಅದರ ಮೇಲೆ ಎರಡು ಇಂಚಿನ ಗೀರು. ಕೈ ಮೇಲೆತ್ತಿದ್ರೆ ಚರ್ಮ ಬಿಗಿಯಾಗಿ ಒಳಗಿರೋದ್ರ ಅಂಚು ಪೂರ್ತಿ ಗೊತ್ತಾಗತ್ತೆ, ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ವೈರೂ ದಾರದ ಥರ ಸ್ವಲ್ಪ ಕಾಣತ್ತೆ. ಪೇಸ್‌ಮೇಕರ್ ಅದು, ವೈರಿನ ಮೂಲಕ ಸಣ್ಣ ಕರೆಂಟ್ ಕೊಟ್ಟು ಹೃದಯನ ಬಡಿಸೋ ಟೈಟಾನಿಯಂ ಡಬ್ಬಿ, ತೂಕ 25–30 ಗ್ರಾಂ ಇರ್ಬೋದು ಅಷ್ಟೇ. ತಲೇಲಿ ಮಾತ್ರ ಕೇಜಿಗಟ್ಲೆ ಭಾರ.

ಊರಲ್ಲಿ ಸುಮಾರು ಜನಕ್ಕೆ ನನಗೆ "ಹಾರ್ಟ್ ಆಪರೇಷನ್" ಆಗಿದೆ ಅಂತ ಮಾತ್ರ ಗೊತ್ತು, ಹಾಗಾಗಿ ಒಂದ್ಸಲ ಹೇಳಿಬಿಡ್ತೀನಿ. ಬ್ಲಾಕ್ ಅಲ್ಲ, ಅಟ್ಯಾಕ್ ಅಲ್ಲ. ಬಡಿತ ಶುರು ಮಾಡೋ ಜಾಗ ಇರತ್ತಲ್ಲ, ಸೈನಸ್ ನೋಡ್ ಅಂತಾರೆ, ನನ್ನದು ಸೋಮಾರಿ. ಮೆಟ್ಟಿಲು ಹತ್ತಿದ್ರೂ ಓಡಿದ್ರೂ ಅದು ಕುರ್ಚೀಲಿ ಕೂತ ಲೆಕ್ಕದಲ್ಲೇ ಹೊಡ್ಕೊಳ್ತಿತ್ತು, ಕಣ್ಣು ಕತ್ತಲೆ ಬರ್ತಿತ್ತು, ಇಲ್ಲಿಗೆ ಬಂದ ಎರಡನೇ ವರ್ಷ ಮೆಟ್ಟಿಲ ಮೇಲೇ ಬಿದ್ದೆ. ಪೇಸ್‌ಮೇಕರ್ ಹಾಕಿದ್ರು. ಐದಾರು ವಾರ ಎಡಗೈ ಹೆಗಲಿಗಿಂತ ಮೇಲೆತ್ತಬೇಡ ಅಂದ್ರು, ಹೊಸ ವೈರು ಒಳಗೆ ಗಟ್ಟಿಯಾಗಿ ಕೂತ್ಕೊಳ್ಳೋ ತನಕ, ಆಮೇಲೆ ಓಡು, ಈಜು, ಏನ್ ಬೇಕಾದ್ರೂ ಮಾಡು, ಎದೆಗೆ ಗುದ್ದು ಬೀಳೋ ಆಟ ಬೇಡ ಅಂದ್ರು. ನಾನೂ ಹಟಕ್ಕೆ ಬಿದ್ದು ಮಾಡ್ದೆ. ಒಂದು ವರ್ಷದಲ್ಲಿ ಒಂಬತ್ತು ಕೇಜಿ ಇಳೀತು.

ಯಾರೂ ಹೇಳದೇ ಇದ್ದಿದ್ದು ಏನಂದ್ರೆ, ಕೊಬ್ಬು ಕರಗಿದಷ್ಟೂ ಡಬ್ಬಿ ಮುಂದೆ ಬರತ್ತೆ. ದಪ್ಪ ಇದ್ದಾಗ ಅದೆಲ್ಲಿದೆ ಅಂತ ನಾನೇ ಮುಟ್ಟಿ ನೋಡ್ಕೋಬೇಕಿತ್ತು, ಈಗ ಎದುರಿಗೆ ನಿಂತವರಿಗೆಲ್ಲ ಕಾಣತ್ತೆ. ಅಂದ್ರೆ ಆರೋಗ್ಯ ಸುಧಾರಿಸಿದಷ್ಟೂ ರೋಗಿ ಥರ ಕಾಣೋದು! ಎದೆ ಸ್ನಾಯುವಿನ ಅಡಿಗೆ ಇಡೋ ಪದ್ಧತಿನೂ ಇದೆಯಂತೆ, ಅಷ್ಟು ಎದ್ದು ಕಾಣಲ್ಲ, ಆದ್ರೆ ಕುಯ್ಯೋದು ಇನ್ನೂ ಆಳಕ್ಕೆ, ನೋವೂ ಜಾಸ್ತಿ. ನನಗಂತೂ ಆ ದಿನ ಬದುಕಿ ಹೊರಗೆ ಬಂದ್ರೆ ಸಾಕಾಗಿತ್ತು, ಅಂದಚೆಂದ ಯಾರು ಕೇಳ್ತಾರೆ. ಬ್ಯಾಟರಿ ಎಂಟೋ ಹತ್ತೋ ವರ್ಷ ಬರತ್ತೆ, ಆಮೇಲೆ ಹೇಗೂ ಅದೇ ಜಾಗ ಬಿಚ್ಚಿ ಡಬ್ಬಿ ಬದಲಾಯಿಸ್ಬೇಕು, ಆಗ ಕೇಳ್ತೀನಿ.

ಇಲ್ಲಿ ಚಳಿಗಾಲ ಪೂರ್ತಿ ತೊಂದರೆ ಇಲ್ಲ, ಎಲ್ಲರೂ ಕತ್ತಿನ ತನಕ ಮುಚ್ಕೊಂಡೇ ಓಡಾಡ್ತಾರೆ. ಬಿಸಿಲು ಬಂದು ಜಾಕೆಟ್ ತೆಗೆಯೋ ಕಾಲಕ್ಕೆ ನನ್ನ ಕಷ್ಟ ಶುರು. ಈಜುಕೊಳದ ಚೇಂಜಿಂಗ್ ರೂಮಲ್ಲಿ ಒಂದಿನ ಪಕ್ಕದಲ್ಲಿ ನಿಂತಿದ್ದವಳ ಕಣ್ಣು ಅಲ್ಲಿಗೆ ಬಂತು, ಒಂದು ಸೆಕೆಂಡ್ ನಿಂತ್ತು, ತಕ್ಷಣ ಗೋಡೆ ಕಡೆ ಹೋಯ್ತು. ಅಷ್ಟೇ ನಡೆದಿದ್ದು. ಏನೂ ಅನ್ಲಿಲ್ಲ. ಇಲ್ಲಿ ಯಾರೂ ಏನೂ ಕೇಳಲ್ಲ, ಅದನ್ನ ಮರ್ಯಾದೆ ಅಂತಾರೆ, ಇರ್ಬೋದು, ಆದ್ರೆ ನಮ್ಮ ಕಡೆ ಆಗಿದ್ರೆ "ಏನಮ್ಮಾ ಅದು, ಗೆಡ್ಡೆನಾ" ಅಂತ ಮುಖಕ್ಕೇ ಕೇಳಿ, ನಾನು ಹೇಳಿ, ಅವರ ಚಿಕ್ಕಪ್ಪಂಗೂ ಹಾಕಿದ್ದ ಕಥೆ ಕೇಳಿ ಎರಡು ನಿಮಿಷಕ್ಕೆ ಮುಗೀತಿತ್ತು. ಆ ಗೋಡೆ ನೋಡಿದ ಕಣ್ಣು ನನ್ನ ಜೊತೆ ಮನೆಗೇ ಬಂತು.

ಕೊಳ ಬಿಟ್ಟೆ. ಆಮೇಲೆ ತೋಳಿಲ್ಲದ ಬನಿಯನ್ ಹಾಕಿ ಓಡೋದು ಬಿಟ್ಟೆ, ಆಮೇಲೆ ಓಡೋದನ್ನೇ ಬಿಟ್ಟೆ. ಮನೆ ಮೂಲೇಲಿ ಇಡೋ ಸೈಕಲ್ ತಗೊಂಡು, ಕತ್ತಿನ ತನಕ ಟೀ ಶರ್ಟ್ ಹಾಕಿ, ಪರದೆ ಎಳೆದು ದಿನಾ ನಲವತ್ತು ನಿಮಿಷ ತುಳಿದೆ. ಫಿಟ್‌ನೆಸ್ ಏನೂ ಬಿಟ್ಟಿಲ್ಲವಲ್ಲ ಅಂತ ಸಮಾಧಾನ. ಆದ್ರೆ ಹತ್ತೇ ನಿಮಿಷಕ್ಕೆ ಏದುಸಿರು, ಕಾಲು ಸೀಸದ ಥರ, ಹಳೇ ಕಾಲದ ಸುಸ್ತು ವಾಪಸ್ ಬಂತು. ಹೃದಯ ಮತ್ತೆ ಕೈ ಕೊಡ್ತಿದೆ ಅಂತ ಹೆದರಿ ಅಮ್ಮಂಗೂ ಹೇಳ್ಲಿಲ್ಲ, ಇವ್ರಿಗೂ ಹೇಳ್ಲಿಲ್ಲ.

ಚೆಕಪ್ ದಿನ ಬಂತು. ಅಲ್ಲಿ ಡಬ್ಬಿ ನೋಡೋಕೆ ಅಂತಾನೇ ಒಬ್ಬ ಟೆಕ್ನಿಶಿಯನ್ ಇದಾಳೆ, ಮೌಸ್ ಥರದ್ದೊಂದನ್ನ ಎದೆ ಮೇಲಿಟ್ರೆ ಸಾಕು, ಒಳಗಿನ ಕಥೆ ಎಲ್ಲ ಸ್ಕ್ರೀನ್ ಮೇಲೆ ಬರತ್ತೆ. ಬ್ಯಾಟರಿ ಸರಿ, ವೈರು ಸರಿ. ಆಮೇಲೆ ಒಂದು ಗ್ರಾಫ್ ತೋರಿಸಿ "ಮೂರು ತಿಂಗಳಿಂದ ಜಾಸ್ತಿ ಕೂತೇ ಇದೀರಲ್ಲ?" ಅಂದ್ಲು. ನನಗೆ ರೇಗ್ತು. ದಿನಾ ನಲವತ್ತು ನಿಮಿಷ ಸೈಕಲ್ ತುಳೀತೀನಿ ಅಂದೆ.

"ಓ, ಸೈಕಲ್ಲಾ," ಅಂತ ನಕ್ಕಳು.

ವಿಷಯ ಇಷ್ಟು. ನನ್ನ ಡಬ್ಬಿಯೊಳಗೆ ಮೈ ಅಲುಗಾಟ ಅಳೆಯೋ ಸೆನ್ಸರ್ ಇದೆ, ಫೋನಲ್ಲಿ ಹೆಜ್ಜೆ ಎಣಿಸತ್ತಲ್ಲ ಅದೇ ಜಾತಿ. ಎದೆ ಕುಲುಕಿದ್ರೆ 'ಓ, ಇವಳು ಓಡ್ತಿದಾಳೆ' ಅಂತ ಬಡಿತ ಏರಿಸತ್ತೆ. ನಿಂತಲ್ಲೇ ನಿಂತ ಸೈಕಲ್ ಮೇಲೆ ಕಾಲು ಎಷ್ಟು ತಿರುಗಿದ್ರೂ ಎದೆ ಅಲ್ಲಾಡಲ್ಲ, ಹ್ಯಾಂಡಲ್ ಹಿಡಿದು ಕಲ್ಲಿನ ಥರ ಕೂತಿರ್ತೀವಿ, ಅದಕ್ಕೆ ಅದು ಇವಳು ಟಿವಿ ನೋಡ್ತಿದಾಳೆ ಅಂದ್ಕೊಂಡು ಬಡಿತ ಏರಿಸೋದೇ ಇಲ್ಲ. ಸ್ವಂತ ಹೃದಯಕ್ಕಂತೂ ಏರಿಸೋ ಶಕ್ತಿ ಇಲ್ಲ. ಏದುಸಿರು ಬಂದಿದ್ದು ಅದಕ್ಕೆ. ಉಸಿರಾಟ ಅಳೆದು ಏರಿಸೋ ಮಾಡೆಲ್‌ಗಳೂ ಇವೆ, ಅದಿದ್ರೆ ಸೈಕಲ್ ಕೂಡ ಗೊತ್ತಾಗತ್ತೆ, ನನ್ನದರಲ್ಲಿಲ್ಲ.

"ಸರಿ, ಓಡ್ತಿದ್ರಲ್ಲ, ಅದನ್ಯಾಕೆ ಬಿಟ್ರಿ?"

ಬಾಯಿಗೆ ಬಂದಿದ್ದು ಹೇಳ್ದೆ. "ಚಳಿ."

"ಜುಲೈಯಲ್ಲಾ?"

ಏನೂ ಹೇಳೋಕಾಗ್ಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟಿದ್ದ ಡಬ್ಬೀನೇ ಮೂರು ತಿಂಗಳು ನಾನು ಏನೇನು ಬಿಟ್ಟೆ ಅಂತ ಬರೆದಿಟ್ಕೊಂಡು ಇವಳ ಕೈಗೆ ಕೊಟ್ಟಿತ್ತು. ಅವಳು ಜಾಸ್ತಿ ಕೆದಕ್ಲಿಲ್ಲ, ಸೆನ್ಸರ್ ಸ್ವಲ್ಪ ಚುರುಕು ಮಾಡಿ, ಕಾರಿಡಾರಲ್ಲಿ ಜೋರಾಗಿ ನಡೆದು ಬನ್ನಿ ಅಂದ್ಲು. ಆಸ್ಪತ್ರೆ ಗೌನ್ ಭುಜದಿಂದ ಜಾರ್ತಿತ್ತು, ಬೆಂಚಿನ ಮೇಲೆ ನಾಲ್ಕೈದು ಜನ ಕೂತಿದ್ರು, ಮೂರು ರೌಂಡ್ ಹೊಡೆದೆ. ಎರಡನೇ ರೌಂಡಿಗೆ ಬಡಿತ 100 ದಾಟಿದ್ದು ಮೈಗೇ ಗೊತ್ತಾಯ್ತು, ಕಾಲಿಗೆ ಜೀವ ಬಂದ ಹಾಗೆ.

ಅವತ್ತು ಬಸ್ಸಲ್ಲಿ ಕೂತು ಮೈಯೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಬಗ್ಗೆ ಓದ್ತಿದ್ದೆ. 1958ರ ಅಕ್ಟೋಬರ್‌ನಲ್ಲಿ ಸ್ವೀಡನ್ನಲ್ಲಿ ಅರ್ನೆ ಲಾರ್ಸನ್ ಅನ್ನೋರಿಗೆ ಹಾಕಿದ್ದು, ಶೂ ಪಾಲಿಶ್ ಡಬ್ಬಿ ಗಾತ್ರದ್ದು, ಹೊಟ್ಟೆ ಚರ್ಮದ ಒಳಗೆ. ಕೆಲವೇ ಗಂಟೆಗೆ ಕೆಟ್ಟೋಯ್ತಂತೆ. ಆಮೇಲೆ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಹಾಕಿಸ್ಕೊಂಡು 86 ವರ್ಷ ಬದುಕಿ 2001ರಲ್ಲಿ ತೀರ್ಕೊಂಡ್ರು. ಆ ಮನುಷ್ಯ ಅಂಗಿ ಬಿಚ್ಚೋಕೆ ನಾಚ್ಕೊಳ್ತಿದ್ರಾ ಅಂತ ಹುಡುಕ್ದೆ, ಅದನ್ನ ಯಾರೂ ಬರೆದಿಲ್ಲ!

ಈಗ ಮತ್ತೆ ಓಡ್ತಿದೀನಿ. ಬ್ರಾ ಪಟ್ಟಿ ಸರಿಯಾಗಿ ಆ ಉಬ್ಬಿನ ಮೇಲೇ ಬಂದು ಉಜ್ಜತ್ತೆ, ಅಗಲ ಪಟ್ಟಿದು ತಗೊಂಡು ಕೆಳಗೊಂದು ಮೆತ್ತನೆ ಬಟ್ಟೆ ಹೊಲ್ಕೊಂಡಿದೀನಿ, ಬ್ಯಾಗ್ ಬಲ ಹೆಗಲಿಗೆ, ಫೋನ್ ಎದೆ ಹತ್ರದ ಜೇಬಿಗೆ ಹಾಕಲ್ಲ, ಅದರೊಳಗಿನ ಮ್ಯಾಗ್ನೆಟ್ ಡಬ್ಬಿಗೆ ಆಗಲ್ಲ. ಜಿಮ್ಮಲ್ಲಿ ಬರಿಗಾಲಲ್ಲಿ ನಿಂತ್ರೆ ಕೊಬ್ಬಿನ ಪರ್ಸೆಂಟ್ ಹೇಳೋ ತೂಕದ ಮೆಷಿನ್ ಇರತ್ತಲ್ಲ, ಅದು ಮೈಯೊಳಗೆ ಸಣ್ಣ ಕರೆಂಟ್ ಹರಿಸತ್ತೆ, ಪೇಸ್‌ಮೇಕರ್ ಇರೋರು ಹತ್ತಬೇಡಿ ಅಂತ ಅದರ ಮೇಲೇ ಬರೆದಿರತ್ತೆ, ಒಳ್ಳೇದೇ ಆಯ್ತು, ಆ ಪರ್ಸೆಂಟ್ ಗೊತ್ತಾದ್ರೆ ಅಮ್ಮ ಇನ್ನೂ ಬೈತಾಳೆ.

ಕೊಳಕ್ಕೂ ಎರಡು ಸಲ ಹೋದೆ. ಟವೆಲ್ ಇನ್ನೂ ಎಡ ಹೆಗಲ ಮೇಲೇ ಇರತ್ತೆ, ನೀರಿನ ಅಂಚಿಗೆ ಬಂದ ಮೇಲೇ ತೆಗೆಯೋದು. ಮೊದಲು ಚೇಂಜಿಂಗ್ ರೂಮಿಂದಾನೇ ಸುತ್ಕೊಂಡು ಬರ್ತಿದ್ದೆ, ಈಗ ಶವರ್ ದಾಟಿದ ಮೇಲೆ ಹಾಕ್ಕೊಳ್ತೀನಿ. ಮುಂದಿನ ಚೆಕಪ್ ಜನವರೀಲಿ. ಆಗ ಚಳಿ ಅಂದ್ರೆ ನಂಬ್ತಾಳೆ, ಆದ್ರೆ ಗ್ರಾಫ್ ಇದೆಯಲ್ಲ.