ಉಳಿದ ಟಿಕೆಟ್ ಎಷ್ಟು ಎಂಬ ಲೆಕ್ಕ

ಕಳೆದ ಯುಗಾದಿಗೆ ಕ್ಯಾಲಿಫೋರ್ನಿಯಾದಿಂದ ಹಾಸನಕ್ಕೆ ಬಂದಿದ್ದ ನನ್ನ ತಂಗಿಯ ಮಗ, ಆಗಲೇ ಕೆರೆದು ಮುಗಿದಿದ್ದ ಒಂದು ಸ್ಕ್ರ್ಯಾಚ್ ಲಾಟರಿ ಟಿಕೆಟನ್ನು ಪರ್ಸಿನಿಂದ ತೆಗೆದು ಊಟದ ಮೇಜಿನ ಮೇಲಿಟ್ಟ. ಅಂಚಿನಲ್ಲಿ ಉಳಿದಿದ್ದ ಬೂದು ಲೇಪವನ್ನು ಎರಡು ರೂಪಾಯಿ ನಾಣ್ಯದಿಂದ ಉಜ್ಜಿ ನೋಡಿದೆ. ಪುಡಿ ಉಗುರಿನ ಸಂದಿಗೆ ಸೇರಿತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾದ ಮೇಲೆ ನಾನು ಟಿಕೆಟನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. "ಮಾವ, ಇದರ ಆರು ದೊಡ್ಡ ಬಹುಮಾನಗಳಲ್ಲಿ ಮೂರು ಇನ್ನೂ ಉಳಿದಿವೆ. ಅಂದರೆ ಅರ್ಧದಷ್ಟು ಟಿಕೆಟ್ ಇನ್ನೂ ಮಾರಾಟವಾಗಿಲ್ಲ ಅಂತ ತಾನೇ?" ಎಂದು ಕೇಳಿದ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದ ನನಗೆ ಆ ಪ್ರಶ್ನೆಯನ್ನು ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ಅಲ್ಲಿನ ರಾಜ್ಯ ಲಾಟರಿಯು ಪ್ರತಿಯೊಂದು ಬಹುಮಾನದ ಮುಂದೆ ಅದು ಎಷ್ಟು ಟಿಕೆಟಿಗೆ ಒಂದರಂತೆ ಬರುತ್ತದೆ, ಒಟ್ಟು ಎಷ್ಟಿದ್ದವು, ಈಗ ಎಷ್ಟು ಉಳಿದಿವೆ ಎಂಬುದನ್ನು ಪ್ರಕಟಿಸುತ್ತದೆ. ಮೊದಲ ಎರಡನ್ನು ಗುಣಿಸಿದರೆ ಅಚ್ಚಾದ ಒಟ್ಟು ಟಿಕೆಟ್‌ಗಳ ಸಂಖ್ಯೆ ಸಿಗುತ್ತದೆ. ಲೆಕ್ಕ ಸುಲಭವಾಗಲೆಂದು ಅವನಿಗೆ ನಾನೇ ಕೆಲವು ಅಂಕಿಗಳನ್ನು ಕೊಟ್ಟೆ: 100 ಡಾಲರ್ ಬಹುಮಾನ 1,200 ಟಿಕೆಟಿಗೆ ಒಂದು, ಒಟ್ಟು 5,000 ಎಂದಾದರೆ ಟಿಕೆಟ್‌ಗಳು 60 ಲಕ್ಷ. ಆ ಬಹುಮಾನಗಳಲ್ಲಿ 1,000 ಮಾತ್ರ ಉಳಿದಿದ್ದರೆ, ಐದನೇ ಒಂದು ಭಾಗ, ಅಂದರೆ ಸುಮಾರು 12 ಲಕ್ಷ ಟಿಕೆಟ್ ಉಳಿದಿವೆ. ಅವನ ಲೆಕ್ಕದಲ್ಲಿ ಅದು 30 ಲಕ್ಷವಾಗುತ್ತಿತ್ತು.

ಇಷ್ಟೊಂದು ಅಂತರ ಬರುವುದು ಆರು ಎಂಬ ಸಂಖ್ಯೆ ತೀರ ಚಿಕ್ಕದಾದ್ದರಿಂದ. ಟಿಕೆಟ್‌ಗಳಲ್ಲಿ ಶೇಕಡ 80ರಷ್ಟು ಖರ್ಚಾದ ಮೇಲೂ ಆರರಲ್ಲಿ ಮೂರು ಅಥವಾ ಹೆಚ್ಚು ಬಹುಮಾನಗಳು ಉಳಿದಿರುವ ಸಂಭವ ಸುಮಾರು ಶೇಕಡ 10 ಇದೆ, ಅದೇನೂ ಅಪರೂಪವಲ್ಲ. 5,000 ಬಹುಮಾನಗಳ ಸಾಲಿನಲ್ಲಾದರೋ ಅದೃಷ್ಟದ ಏರುಪೇರು ಸಾಮಾನ್ಯವಾಗಿ 28 ಬಹುಮಾನಗಳಷ್ಟು, ಎಂದರೆ ಸುಮಾರು 34,000 ಟಿಕೆಟ್‌ಗಳಷ್ಟು ಮಾತ್ರ. ಸಕಲೇಶಪುರದ ನಮ್ಮ ಅಣ್ಣನ ತೋಟದಲ್ಲಿಯೂ ಒಂದೆರಡು ಕಾಫಿ ಗಿಡದ ಕಾಯಿ ನೋಡಿ ಯಾರೂ ಇಡೀ ತೋಟದ ಫಸಲನ್ನು ಅಂದಾಜು ಕಟ್ಟುವುದಿಲ್ಲ.

ನೂರು ಡಾಲರ್ ಸಾಲನ್ನೇ ಆರಿಸಲು ಇನ್ನೊಂದು ಕಾರಣವಿದೆ. ಅಲ್ಲಿ 600 ಡಾಲರ್ ಮತ್ತು ಅದಕ್ಕೂ ಮೇಲಿನ ಬಹುಮಾನಕ್ಕೆ ಅರ್ಜಿ ತುಂಬಿ ಕೊಡಬೇಕು, ಹಾಗಾಗಿ ತಡವಾಗುತ್ತದೆ. ತೀರ ಸಣ್ಣ ಬಹುಮಾನದ ಟಿಕೆಟನ್ನು ಎಲ್ಲೋ ಇಟ್ಟು ಮರೆಯುವವರಿರುತ್ತಾರೆ. ನೂರು ಡಾಲರನ್ನಾದರೆ ಹೆಚ್ಚಿನವರು ಅಂಗಡಿಯಲ್ಲೇ ಬೇಗ ಪಡೆದುಕೊಳ್ಳುತ್ತಾರೆ. ಆದರೂ 'ಉಳಿದಿದೆ' ಎಂದರೆ 'ಯಾರೂ ಇನ್ನೂ ಪಡೆದಿಲ್ಲ' ಎಂದಷ್ಟೇ ಅರ್ಥ. ಮಾರಾಟವಾಗಿ ಯಾರದೋ ಮೇಜಿನ ಡ್ರಾಯರಿನಲ್ಲಿ ಬಿದ್ದಿರುವ ಟಿಕೆಟ್ ಕೂಡ ಆ ಪಟ್ಟಿಯಲ್ಲಿ ಉಳಿದದ್ದೇ ಆದ್ದರಿಂದ, ನಿಜವಾದ ಸಂಖ್ಯೆ ನಮ್ಮ ಅಂದಾಜಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಇಷ್ಟನ್ನು ಕೇಳಿದ ಕೂಡಲೇ ಅವನ ಕಣ್ಣು ಅರಳಿತು: 12 ಲಕ್ಷ ಟಿಕೆಟಿನಲ್ಲಿ ಮೂರು ದೊಡ್ಡ ಬಹುಮಾನಗಳೆಂದರೆ, ಮೊದಲು 10 ಲಕ್ಷಕ್ಕೆ ಒಂದಿದ್ದ ಅವಕಾಶ ಈಗ 4 ಲಕ್ಷಕ್ಕೆ ಒಂದಾಗಿದೆ. ಅದು ನಿಜ. ಆದರೆ ದೊಡ್ಡ ಬಹುಮಾನ 10 ಲಕ್ಷ ಡಾಲರ್ ಎಂದಿಟ್ಟುಕೊಂಡರೂ ಒಂದು ಟಿಕೆಟಿಗೆ ಅದರಿಂದ ಬರುವ ಸರಾಸರಿ ಪಾಲು 1 ಡಾಲರಿನಿಂದ 2.50ಕ್ಕೆ ಏರುತ್ತದೆ, ಅಷ್ಟೇ. ಉಳಿದೆಲ್ಲ ಬಹುಮಾನಗಳಿಂದ 6 ಡಾಲರ್ ಬರುತ್ತದೆಂದು ಹಿಡಿದರೂ ಒಟ್ಟು 8.50, ಟಿಕೆಟಿನ ಬೆಲೆ 10 ಎಂದಾದರೆ ಪ್ರತಿ ಟಿಕೆಟಿಗೂ ಸರಾಸರಿ ಒಂದೂವರೆ ಡಾಲರ್ ನಷ್ಟ. ಅವನು ನನ್ನ ಪೆನ್ನನ್ನು ತೆಗೆದುಕೊಂಡು, ಆ ಕೆರೆದ ಟಿಕೆಟಿನ ಹಿಂಬದಿಯಲ್ಲೇ ಗುಣಾಕಾರವನ್ನು ಮತ್ತೊಮ್ಮೆ ಮಾಡಿ ನೋಡಿದ.