ಬೆರಳು ಮಡಚಿ ಕಲಿತ ಇಂಗ್ಲಿಷ್

ಡಿ.ಎಡ್. ಓದುವಾಗ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಮೇಡಂ ಬೋರ್ಡಿನ ಮೇಲೆ ಪದ ಬರೆಯುತ್ತಿದ್ದದ್ದು ಕಡಿಮೆ. ಬಾಯಲ್ಲಿ ಹೇಳಿ, "ಎಷ್ಟು ಧ್ವನಿ?" ಎಂದು ಕೇಳುತ್ತಿದ್ದರು. ನಾವು ಬೆರಳು ಮಡಚಿ ಎಣಿಸಬೇಕು. ಪೆನ್ನು ಮುಟ್ಟುವ ಹಾಗಿರಲಿಲ್ಲ. ಅಕ್ಷರ ಕಣ್ಣಿಗೆ ಬಿದ್ದರೆ ಕಿವಿ ಕೆಲಸ ಬಿಟ್ಟುಬಿಡುತ್ತದೆ ಎನ್ನುತ್ತಿದ್ದರು.

'ಬಾಕ್ಸ್' ಬರೆಯಲು ಮೂರೇ ಅಕ್ಷರ ಸಾಕು. ಧ್ವನಿ ಮಾತ್ರ ನಾಲ್ಕು. ಕೊನೆಯ ಎಕ್ಸ್ ಒಂದರಲ್ಲೇ ಕ್, ಸ್ ಎರಡೂ ಕೂತಿವೆ. 'ಥಾಟ್' ಬರೆಯಲು ಏಳು ಅಕ್ಷರ, ಕೇಳುವುದು ಮೂರೇ ಧ್ವನಿ. ಮೊಣಕಾಲಿಗೆ ಹೇಳುವ 'ನೀ' ಪದದಲ್ಲಿ ಮೊದಲ ಕೆ ಸುಮ್ನೆ ಇರುತ್ತದೆ. ಬ್ರಿಟಿಷರ ಶಿಷ್ಟ ಉಚ್ಚಾರಣೆಯಲ್ಲಿ 20 ಸ್ವರ, 24 ವ್ಯಂಜನ, ಒಟ್ಟು 44 ಧ್ವನಿಗಳು. ಅಕ್ಷರ ಇರುವುದು 26. ಬರೆದ ಹಾಗೇ ಓದಿ ರೂಢಿಯಾದ ಕನ್ನಡದ ಮಕ್ಕಳಿಗೆ ಇದು ಕಷ್ಟವೇ, ಅಲ್ವಾ?

ನಮ್ಮ ನಾಲಿಗೆಗೂ ಒಂದು ರೂಢಿಯಿದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದೇ ಜಾಸ್ತಿ. ಅದಕ್ಕೇ ನಾವು ಬಸ್ಸು, ಕಾರು, ಪೆನ್ನು ಅನ್ನುತ್ತೇವೆ. ತರಗತಿಯಲ್ಲಿ 'ಬಸ್'ಗೆ ಕೊನೆಯ ಉಕಾರವನ್ನೂ ಸೇರಿಸಿ ನಾಲ್ಕು ಬೆರಳು ಮಡಚಿದವರಿದ್ದರು. ಮೇಡಂ ಗದರಲಿಲ್ಲ. ಕನ್ನಡದಲ್ಲಿ ಅದೇ ಸರಿ, ಇಂಗ್ಲಿಷಿನಲ್ಲಿ ಮಾತ್ರ ಸ್ ಆದ ಕೂಡಲೇ ನಿಲ್ಲಿಸಿ ಎಂದರು. ಹಳ್ಳಿಯ ಕನ್ನಡ ಶಾಲೆಗಳಿಂದ ಬಂದಿದ್ದ ನಮಗೆ ಆ ಮಾತಿನಿಂದ ಎಷ್ಟು ಧೈರ್ಯ ಬಂತೆಂದು ಇವತ್ತಿಗೂ ನೆನೆಯುತ್ತೇನೆ.

ಪಾರ್ಟ್ಸ್ ಆಫ್ ಸ್ಪೀಚ್ ಪಾಠದಲ್ಲೂ ಅವರದು ಇದೇ ದಾರಿ. ಬರೀ ಪದ ಕೊಟ್ಟು ನೌನೋ ವರ್ಬೋ ಎಂದು ಯಾರಾದರೂ ಕೇಳಿದರೆ, ಮೊದಲು ವಾಕ್ಯ ಕೊಡಿ ಅನ್ನಿ ಎನ್ನುತ್ತಿದ್ದರು. 'ರೌಂಡ್ ಟೇಬಲ್'ನಲ್ಲಿ ರೌಂಡ್ ವಿಶೇಷಣ. 'ಫೈನಲ್ ರೌಂಡ್'ನಲ್ಲಿ ಅದೇ ನಾಮಪದ.

ಈ ಎರಡು ಪಾಠಗಳು ಕೂಡುವ ಜಾಗ ನನಗೆ ಬಹಳ ಇಷ್ಟ. 'ಯೂಸ್' ನಾಮಪದವಾದರೆ ಕೊನೆಗೆ ಸ್ ಕೇಳುತ್ತದೆ. ಕ್ರಿಯಾಪದವಾದರೆ ಜ಼್. ಸ್ಪೆಲ್ಲಿಂಗ್ ಒಂದೇ. 'ಹೌಸ್' ಕೂಡ ಹಾಗೇ. 'ರೆಕಾರ್ಡ್' ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ವಾಕ್ಯದಲ್ಲಿ ಪದ ಮಾಡುವ ಕೆಲಸ ಬದಲಾದರೆ ಅದರ ಧ್ವನಿಯೂ ಬದಲಾಗಬಹುದು!

2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದಾಗ ನನ್ನ ಕೈಹಿಡಿದದ್ದು ಇದೇ ಬೆರಳೆಣಿಕೆ. ಅಕ್ಷರವೇ ಬಾರದ ಮಕ್ಕಳೂ 'ಕ್ಯಾಟ್' ಕೇಳಿ ಮೂರು ಬೆರಳು ತೋರಿಸುತ್ತವೆ. ಧ್ವನಿಯ ಪಾಠವನ್ನು ಬರೀ ಬರವಣಿಗೆಯ ಪರೀಕ್ಷೆಗೆ ಬಿಡಬಾರದು ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದಕ್ಕೇ.

ಪ್ರಾಕ್ಟೀಸ್ ಟೀಚಿಂಗ್‌ಗೆ ಹೊರಡುವ ನಮ್ಮ ಕಾಲೇಜಿನ ತಮ್ಮ ತಂಗಿಯರಿಗೆ ಒಂದು ಕೋರಿಕೆ. ಭೂತಕಾಲ ಕಲಿಸುವಾಗ ಮೊದಲು ಬಾಯಲ್ಲಿ ಹೇಳಿಸಿ. 'ವಾಕ್'ಗೆ ಸೇರುವುದು ಟ್, 'ಪ್ಲೇ'ಗೆ ಡ್, 'ವಾಂಟ್'ಗೆ ಇಡ್. ಮಕ್ಕಳು ಮೂರನ್ನೂ ಕೇಳಿ ಬೇರೆ ಮಾಡಲಿ. ಕೊನೆಗೆ ಬರುವ ಇ, ಡಿ ಅಕ್ಷರಗಳನ್ನು ಮಾರನೇ ದಿನ ಬರೆಸಿ.