ಸೊನ್ನೆಯಿಂದ ಎಣಿಸುವ ಡಿಸ್ಕುಗಳು

ಕೆಲವು ವರ್ಷಗಳ ಹಿಂದೆ ಒಂದು ಸಹಕಾರಿ ಸಂಘದ ಕಚೇರಿಯಿಂದ ಬೆಳಗ್ಗೆಯೇ ಫೋನ್ ಬಂದಿತ್ತು. ಸರ್ವರ್ ಒಂದೇ ಸಮನೆ ಬೀಪ್ ಎಂದು ಕೂಗುತ್ತಿದೆ, ಆದರೆ ಕೆಲಸವೇನೂ ನಿಂತಿಲ್ಲ ಎಂದರು. ಮನೆಯಿಂದಲೇ ಲಾಗಿನ್ ಆಗಿ ನೋಡಿದಾಗ, ನಾಲ್ಕು ಡಿಸ್ಕುಗಳ ರೇಡ್ 5 ಅರೇಯಲ್ಲಿ, ಅಂದರೆ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಜೋಡಿಸಿದ ಡಿಸ್ಕುಗಳ ಸಾಲಿನಲ್ಲಿ, ಒಂದು ಡಿಸ್ಕ್ ಕೆಟ್ಟಿರುವುದು ಕಾಣಿಸಿತು. ಅಲ್ಲಿನ ಬೀರುವಿನಲ್ಲಿ ಹೊಸ ಡಿಸ್ಕ್ ಒಂದನ್ನು ಮೊದಲೇ ಇರಿಸಿದ್ದರಿಂದ, ಎರಡನೇ ನಂಬರಿನ ಡಿಸ್ಕನ್ನು ಎಳೆದು ಆ ಜಾಗಕ್ಕೆ ಹೊಸದನ್ನು ಹಾಕಲು ಫೋನಿನಲ್ಲೇ ಹೇಳಿದೆ. ಕಚೇರಿಯ ಹುಡುಗ ಎಡದಿಂದ ಒಂದು, ಎರಡು ಎಂದು ಎಣಿಸಿ ಎರಡನೆಯದನ್ನು ಎಳೆದ. ಆ ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್ ಕಾರ್ಡ್ ಎಣಿಸುವುದು ಸೊನ್ನೆಯಿಂದ. ಅದರ ಪಾಲಿಗೆ ಎರಡು ಎಂದರೆ ನಮ್ಮ ಲೆಕ್ಕದ ಮೂರನೆಯದು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ, "ಸಾರ್, ಎಲ್ಲಾ ಕಂಪ್ಯೂಟರೂ ನಿಂತ್‌ಹೋದ್ವು" ಎಂದ.

ತಪ್ಪು ಆ ಹುಡುಗನದಲ್ಲ, ನನ್ನದು. ಕೆಟ್ಟ ಡಿಸ್ಕಿನ ಟ್ರೇ ಮೇಲೆ ಕಿತ್ತಳೆ ಬಣ್ಣದ ದೀಪ ಮಿನುಗುತ್ತಿರುತ್ತದೆ. ಅದು ಯಾವುದರ ಮೇಲಿದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಅದಕ್ಕಿಂತ ಹಿಂದಿನ ತಪ್ಪೆಂದರೆ, ಆ ಅರೇಯನ್ನು ಕಟ್ಟುವಾಗ ಅದು ಕೆಡುವ ದಿನದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಕಳೆದ ತಿಂಗಳು ಅದೇ ಸಂಘಕ್ಕೆ ಬೇರೊಂದು ಸರ್ವರ್ ಕಟ್ಟಿಕೊಟ್ಟೆ. ಈ ಸಲ ಕಂಟ್ರೋಲರ್ ಕೇಳುವ ಒಂದೊಂದು ಪ್ರಶ್ನೆಗೂ ಆ ಬೆಳಗ್ಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಟ್ಟಿದ್ದೇನೆ.

ಯಂತ್ರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಟವರ್ ಸರ್ವರ್. ಮುಂಭಾಗದಲ್ಲಿ ಎಂಟು ಖಾನೆಗಳಿವೆ, ಒಳಗೆ ಡೆಲ್‌ನ ಪರ್ಕ್ ಎಚ್710 ಕಂಟ್ರೋಲರ್ ಇದೆ. ಡಿಸ್ಕುಗಳನ್ನು ಮಾತ್ರ ಹೊಸದಾಗಿಯೇ ಕೊಂಡೆ, ಅದೂ ಎರಡು ಬೇರೆ ಬೇರೆ ಅಂಗಡಿಗಳಿಂದ. ಒಂದೇ ಪೆಟ್ಟಿಗೆಯಿಂದ ಬಂದು ಒಂದೇ ದಿನ ಕೆಲಸ ಆರಂಭಿಸಿದ ಡಿಸ್ಕುಗಳು ಒಟ್ಟಿಗೇ ಹೋಗುವ ಸಾಧ್ಯತೆ ಹೆಚ್ಚು. ಇದು ಬರಿಯ ಅಂಜಿಕೆಯಲ್ಲ. 2019ರಲ್ಲಿ ಸರ್ವರ್ ತಯಾರಿಸುವ ಎಚ್‌ಪಿಇ ಸಂಸ್ಥೆಯೇ ತನ್ನ ಕೆಲವು ಎಸ್ಎಸ್‌ಡಿ ಮಾದರಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು: ಡಿಸ್ಕಿನೊಳಗೇ ಇರುವ ತಂತ್ರಾಂಶದ (ಫರ್ಮ್‌ವೇರ್) ದೋಷದಿಂದಾಗಿ ಅವು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ನಿಂತುಹೋಗುತ್ತಿದ್ದವು. ಒಂದೇ ಹೊತ್ತಿಗೆ ಚಾಲೂ ಮಾಡಿದ ಅರೇಯಲ್ಲಿ ಅಂಥವು ನಾಲ್ಕಿದ್ದರೆ ಯಾವ ರೇಡ್ ತಾನೇ ಕಾಪಾಡೀತು?

ಪರ್ಕ್ ಎಚ್710ರಲ್ಲಿ ಯಂತ್ರ ಆರಂಭವಾಗುವಾಗ ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಸೆಟಪ್ ಪರದೆ ತೆರೆದುಕೊಳ್ಳುತ್ತದೆ. ಇಂಟೆಲ್ ಮದರ್‌ಬೋರ್ಡಿನ ರೇಡ್‌ಗೆ ಆರ್ ಬದಲು ಐ ಒತ್ತಬೇಕು. ಇವೆರಡರ ನಡುವಿನ ವ್ಯತ್ಯಾಸ ಕೀಲಿಯದ್ದಷ್ಟೇ ಅಲ್ಲ. ಪರ್ಕ್‌ನಂಥ ಕಾರ್ಡಿನಲ್ಲಿ ಲೆಕ್ಕ ಮಾಡಲು ಸ್ವಂತ ಚಿಪ್ ಮತ್ತು ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡಲು ಸ್ವಂತ ಕ್ಯಾಶ್ ಮೆಮೊರಿ ಇರುತ್ತವೆ, ಆದರೆ ಮದರ್‌ಬೋರ್ಡಿನ ರೇಡ್‌ನಲ್ಲಿ ಆ ದುಡಿಮೆಯೆಲ್ಲ ಡ್ರೈವರ್ ಮೂಲಕ ಕಂಪ್ಯೂಟರಿನ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ಎರಡು ಡಿಸ್ಕುಗಳಲ್ಲೂ ಒಂದೇ ಮಾಹಿತಿ ಬರೆಯುವ ಮಿರರ್‌ಗೆ ಅದು ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಅದನ್ನು ನಂಬುವ ಬದಲು ಲಿನಕ್ಸ್‌ನಲ್ಲಿ ರೇಡ್ ಕಟ್ಟುವ ತಂತ್ರಾಂಶವಾದ ಎಂಡಿಎಡಿಎಂ ಬಳಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಕಟ್ಟಿದ ಅರೇಯನ್ನು ಯಾವ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ಓದಿಸಬಹುದು. ಕಾರ್ಡ್ ಸುಟ್ಟುಹೋದರೆ ಅದೇ ಕುಟುಂಬದ ಇನ್ನೊಂದು ಕಾರ್ಡನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಈ ಸಂಘದ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್ ಸರ್ವರ್ ಮೇಲೆ ಮಾತ್ರ ಓಡುವುದರಿಂದ ಕಾರ್ಡೇ ಗತಿಯಾಯಿತು.

ಪರದೆಯಲ್ಲಿ ಎಫ್ 2 ಒತ್ತಿ ಹೊಸ ವರ್ಚುವಲ್ ಡಿಸ್ಕ್ (ಹಲವು ಡಿಸ್ಕುಗಳು ಸೇರಿ ಕಂಪ್ಯೂಟರಿಗೆ ಒಂದಾಗಿ ಕಾಣುವ ಡಿಸ್ಕ್) ಮಾಡಲು ಹೊರಟರೆ ಅದು ಮೊದಲು ಕೇಳುವುದು ರೇಡ್ ಹಂತವನ್ನು. ಈ ಹಂತಗಳ ಕಲ್ಪನೆ 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಪ್ರಕಟಿಸಿದ ಪ್ರಬಂಧದ್ದು. ದೊಡ್ಡದೊಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಸಾಲಾಗಿ ಜೋಡಿಸುವುದು ಅವರ ಆಲೋಚನೆ. ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚುವುದರಿಂದ, ಕೆಟ್ಟದ್ದನ್ನು ತುಂಬಿಕೊಡುವ ಉಪಾಯಗಳನ್ನು ಅವರು 1ರಿಂದ 5ರವರೆಗೆ ಹಂತಗಳಾಗಿ ಹೆಸರಿಸಿದರು. ರೇಡ್ ಎಂಬ ಹೆಸರಿನಲ್ಲಿ ಆಗ 'ಅಗ್ಗದ' ಎಂಬರ್ಥದ ಪದವಿತ್ತು. ಡಿಸ್ಕು ಮಾರುವ ಉದ್ಯಮದಲ್ಲಿ ಅದು ಮುಂದೆ 'ಸ್ವತಂತ್ರ' ಎಂದಾಯಿತು. ಸರ್ವರ್ ಡಿಸ್ಕಿನ ಬಿಲ್ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ರೇಡ್ 5 ಕೆಲಸ ಮಾಡುವ ಬಗೆ ಬಹಳ ಸರಳ. ಒಂದು ಡಿಸ್ಕಿನಲ್ಲಿ 1011, ಇನ್ನೊಂದರಲ್ಲಿ 0110 ಇದೆ ಎಂದುಕೊಳ್ಳೋಣ. ಮೇಲೆ ಕೆಳಗೆ ಬರೆದು, ಎರಡು ಅಂಕಿಗಳು ಒಂದೇ ಇದ್ದಲ್ಲಿ 0, ಬೇರೆಯಾಗಿದ್ದಲ್ಲಿ 1 ಹಾಕಿದರೆ 1101 ಬರುತ್ತದೆ. ಅದೇ ಪ್ಯಾರಿಟಿ, ಅದು ಮೂರನೆಯ ಡಿಸ್ಕಿಗೆ ಹೋಗುತ್ತದೆ. ಮೊದಲನೆಯ ಡಿಸ್ಕ್ ಕೆಟ್ಟರೆ, ಉಳಿದ 0110 ಮತ್ತು 1101 ಇವುಗಳಿಗೆ ಅದೇ ಲೆಕ್ಕ ಮಾಡಿದಾಗ 1011 ಮರಳಿ ಸಿಗುತ್ತದೆ. ಎರಡು ಡಿಸ್ಕ್ ಹೋದರೆ ಲೆಕ್ಕಕ್ಕೆ ಆಧಾರವೇ ಉಳಿಯುವುದಿಲ್ಲ. ಅಂದು ಫೋನಿನಲ್ಲಿ ನಡೆದದ್ದು ಇದೇ: ಕೆಟ್ಟದ್ದು ಒಂದು, ಎಳೆದದ್ದು ಇನ್ನೊಂದು.

ಈ ಸಲ ಲೆಕ್ಕಪತ್ರಗಳಿಗೆ 4 ಟೆರಾಬೈಟಿನ ನಾಲ್ಕು ಡಿಸ್ಕುಗಳು ಇದ್ದವು. ರೇಡ್ 5 ಮಾಡಿದ್ದರೆ 12 ಟೆರಾಬೈಟ್ ಸಿಗುತ್ತಿತ್ತು; ರೇಡ್ 6 ಅಥವಾ ರೇಡ್ 10 ಮಾಡಿದರೆ ಎರಡರಲ್ಲೂ 8. ಸಂಘಕ್ಕೆ ಒಂದೆರಡು ಟೆರಾಬೈಟೇ ಧಾರಾಳವಾದ್ದರಿಂದ ರೇಡ್ 5 ಮೊದಲೇ ಹೊರಗುಳಿಯಿತು. ಉಳಿದ ಎರಡರ ನಡುವೆ ನಾನು ಸಾಕಷ್ಟು ತೂಗಿ ನೋಡಿದೆ. ಎರಡು ಪ್ಯಾರಿಟಿ ಇಡುವ ರೇಡ್ 6ರಲ್ಲಿ ಯಾವ ಎರಡು ಡಿಸ್ಕ್ ಹೋದರೂ ಮಾಹಿತಿ ಉಳಿಯುತ್ತದೆ, ಆದರೆ ಡಿಸ್ಕುಗಳನ್ನು ಮಿರರ್ ಜೋಡಿಗಳಾಗಿ ಕಟ್ಟುವ ರೇಡ್ 10ರಲ್ಲಿ ಒಂದು ಹೋದ ಮೇಲೆ ಉಳಿದ ಮೂರರಲ್ಲಿ ಅದರ ಜೋಡಿ ಡಿಸ್ಕೇ ಹೋದರೆ ಎಲ್ಲವೂ ಹೋಯಿತು. ಹಾಗಿದ್ದೂ ರೇಡ್ 10 ಆರಿಸಿದೆ. ಬ್ಯಾಂಕ್ ಪಾಸ್‌ಬುಕ್ಕಿನಂಥ ಲೆಕ್ಕದಲ್ಲಿ ದಿನವಿಡೀ ಸಣ್ಣ ಸಣ್ಣ ಬರಹಗಳೇ ನಡೆಯುತ್ತವೆ. ರೇಡ್ 5ರಲ್ಲಿ ಅಂಥ ಒಂದು ಸಣ್ಣ ಬರಹಕ್ಕೆ ಹಳೆಯ ಮಾಹಿತಿ, ಹಳೆಯ ಪ್ಯಾರಿಟಿ ಎರಡನ್ನೂ ಓದಿ ಹೊಸತೆರಡನ್ನು ಬರೆಯಬೇಕು, ಒಟ್ಟು ನಾಲ್ಕು ಕೆಲಸ. ರೇಡ್ 6ರಲ್ಲಿ ಆರು. ರೇಡ್ 10ರಲ್ಲಿ ಎರಡೇ. ಜೊತೆಗೆ, ಕೆಟ್ಟ ಡಿಸ್ಕನ್ನು ಮತ್ತೆ ಕಟ್ಟುವಾಗ ರೇಡ್ 10ರಲ್ಲಿ ಜೋಡಿಯೊಂದನ್ನೇ ಓದಿ ನಕಲು ಮಾಡಿದರಾಯಿತು, ಉಳಿದವುಗಳಿಗೆ ಬಳಲಿಕೆಯಿಲ್ಲ. ಆ ಜೋಡಿ ಒಂಟಿಯಾಗಿರುವ ಕಾಲವನ್ನು ಕಡಿಮೆ ಮಾಡಲು ಹಾಟ್ ಸ್ಪೇರ್ ಆಗಿ ಐದನೆಯ ಡಿಸ್ಕನ್ನು ಹಾಕಿದೆ. ಯಾರೂ ಕೈ ಹಾಕದಿದ್ದರೂ ಕೆಟ್ಟದ್ದರ ಜಾಗವನ್ನು ಅದು ತಾನಾಗಿ ವಹಿಸಿಕೊಳ್ಳುತ್ತದೆ. ವಿಂಡೋಸ್‌ಗೆ ಬೇರೆಯಾಗಿ 600 ಗಿಗಾಬೈಟಿನ ಎರಡು ಡಿಸ್ಕುಗಳ ಮಿರರ್. ಹೀಗೆ ಖಾನೆ 0 ಮತ್ತು 1 ವಿಂಡೋಸ್‌ಗೆ, 2ರಿಂದ 5 ಲೆಕ್ಕಪತ್ರಕ್ಕೆ, 6 ಹಾಟ್ ಸ್ಪೇರ್‌ಗೆ, 7 ಖಾಲಿ. (8 ಟೆರಾಬೈಟ್ ಎಂದು ಹೇಳಿ 7.27 ಮಾತ್ರ ತೋರಿಸುತ್ತಿದೆಯಲ್ಲ ಎಂದು ಕಾರ್ಯದರ್ಶಿಗಳು ಕೇಳಿದರು. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1,024ರ ಲೆಕ್ಕದಲ್ಲೂ ಎಣಿಸುತ್ತಾರೆ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.)

ಸ್ಟ್ರೈಪ್ ಗಾತ್ರವನ್ನು, ಅಂದರೆ ಒಂದೊಂದು ಡಿಸ್ಕಿಗೆ ಸರದಿಯಂತೆ ಹೋಗುವ ಮಾಹಿತಿಯ ತುಂಡಿನ ಅಳತೆಯನ್ನು, ಕಾರ್ಡ್ ತಾನೇ ಸೂಚಿಸುವ 64 ಕಿಲೋಬೈಟಿಗೇ ಬಿಟ್ಟೆ. ಅಂತರ್ಜಾಲದಲ್ಲಿ ಈ ಒಂದು ವಿಷಯಕ್ಕಾಗಿ ನಡೆಯುವ ಜಗಳಗಳನ್ನು ಓದುವ ಹೊತ್ತಿನಲ್ಲಿ ಅರೇ ಕಟ್ಟಿ ಮುಗಿಸಬಹುದು.

ನಿಜವಾಗಿ ನಿಧಾನಿಸಬೇಕಾದದ್ದು ರೈಟ್ ಪಾಲಿಸಿ ಎಂಬ ಸಾಲಿನಲ್ಲಿ. ರೈಟ್ ಥ್ರೂ ಎಂದರೆ ಮಾಹಿತಿ ಡಿಸ್ಕಿನ ಮೇಲೆ ಬಿದ್ದ ಮೇಲೆಯೇ ಕಂಟ್ರೋಲರ್ 'ಆಯಿತು' ಎನ್ನುತ್ತದೆ. ರೈಟ್ ಬ್ಯಾಕ್ ಎಂದರೆ ತನ್ನ ಕ್ಯಾಶ್‌ಗೆ ಬಂದ ಕೂಡಲೇ 'ಆಯಿತು' ಎಂದುಬಿಟ್ಟು ಡಿಸ್ಕಿಗೆ ಆಮೇಲೆ ಬರೆಯುತ್ತದೆ. ವೇಗದಲ್ಲಿ ಅಜಗಜಾಂತರ. ಆದರೆ ಆ ನಡುವೆ ಕರೆಂಟ್ ಹೋದರೆ, ಕೌಂಟರಿನಲ್ಲಿ ರಸೀದಿ ಹರಿದುಕೊಟ್ಟ ಹಣ ಲೆಕ್ಕದಲ್ಲಿ ಇಲ್ಲದಂತಾಗಬಹುದು. ಅದಕ್ಕಾಗಿಯೇ ಕಾರ್ಡಿನ ಮೇಲೆ ಬ್ಯಾಟರಿ ಇರುವುದು. ಹಳೆಯ ಕಾರ್ಡುಗಳಲ್ಲಿ ಅದು ಕ್ಯಾಶ್ ಮೆಮೊರಿಯನ್ನು ಒಂದೆರಡು ದಿನ ಜೀವಂತವಾಗಿಡುತ್ತಿತ್ತು. ಎಚ್710ರಲ್ಲಿ ಕ್ಯಾಶ್‌ನಲ್ಲಿರುವುದನ್ನು ಫ್ಲ್ಯಾಶ್ ಚಿಪ್ಪಿಗೆ ಇಳಿಸುವಷ್ಟು ಹೊತ್ತು ಬ್ಯಾಟರಿ ನಿಂತರೆ ಸಾಕು, ಕರೆಂಟ್ ವಾರ ಬಿಟ್ಟು ಬಂದರೂ ಚಿಂತೆಯಿಲ್ಲ. ಬ್ಯಾಟರಿ ಸೋತಾಗ ಕಾರ್ಡ್ ತಾನಾಗಿ ರೈಟ್ ಥ್ರೂಗೆ ಇಳಿಯುತ್ತದೆ, ಸರ್ವರ್ ಏಕಾಏಕಿ ನಿಧಾನವಾಯಿತು ಎಂಬ ದೂರು ಬರುತ್ತದೆ. ಆಗ ಅದೇ ಪರದೆಯಲ್ಲಿರುವ, ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ನಡೆಸು ಎಂಬ ಆಯ್ಕೆಯನ್ನು ಒತ್ತಿಬಿಡುವ ಮನಸ್ಸಾಗುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಹಳೆಯ ಯಂತ್ರದೊಡನೆ ಬಂದ ಬ್ಯಾಟರಿಯನ್ನು ನಂಬದೆ ಹೊಸದನ್ನು ಹಾಕಿಸಿದೆ.

ಇನ್ನು ಇನಿಷಿಯಲೈಸ್, ಅಂದರೆ ಹೊಸ ಅರೇಯನ್ನು ಬಳಕೆಗೆ ಸಿದ್ಧಗೊಳಿಸುವುದು. ಫಾಸ್ಟ್ ಎಂಬುದು ಕೆಲವೇ ಸೆಕೆಂಡುಗಳಲ್ಲಿ ಅರೇಯ ತುದಿಗಳನ್ನಷ್ಟೇ ಒರೆಸಿ ಉಳಿದದ್ದನ್ನು ಹಿನ್ನೆಲೆಯಲ್ಲಿ ಸರಿಮಾಡಿಕೊಳ್ಳುತ್ತದೆ. ಪೂರ್ತಿ ಇನಿಷಿಯಲೈಸ್ ಮೂಲೆಮೂಲೆಗೂ ಬರೆಯುತ್ತದೆ. ಅವಸರವಿಲ್ಲದಿದ್ದರೆ ಎರಡನೆಯದೇ ಒಳ್ಳೆಯದು, ಏಕೆಂದರೆ ಹೊಸ ಡಿಸ್ಕಿನಲ್ಲಿರುವ ಹುಳುಕು ಅಲ್ಲೇ ಹೊರಬಂದರೆ ಅಂಗಡಿಗೆ ಹಿಂದಿರುಗಿಸಬಹುದು. ಸಂಜೆ ಹಚ್ಚಿ ಮನೆಗೆ ಹೋದೆ.

ಮರುದಿನ, ವಿಂಡೋಸ್ ಹಾಕಿದ ಮೇಲೆ, ಯಂತ್ರವನ್ನು ಒಪ್ಪಿಸುವ ಮುನ್ನ ಅದನ್ನು ಬೇಕೆಂದೇ ಕೆಡಿಸಿದೆ. ಲೆಕ್ಕದ ತಂತ್ರಾಂಶ ಓಡುತ್ತಿರುವಾಗಲೇ ಆ ಹುಡುಗನನ್ನು ಕರೆದು, ಖಾನೆ 3ರ ಡಿಸ್ಕ್ ಎಳೆ ಎಂದೆ. ಅವನು ಈ ಸಲ ಕೂಡಲೇ ಕೈ ಹಾಕಲಿಲ್ಲ. "ಸೊನ್ನೆಯಿಂದ ಎಣಿಸಬೇಕೋ, ಒಂದರಿಂದಲೋ ಸಾರ್?" ಎಂದು ಕೇಳಿದ. ಎಳೆದೊಡನೆ ಬೀಪ್ ಶುರುವಾಯಿತು, ಆರರಲ್ಲಿದ್ದ ಹಾಟ್ ಸ್ಪೇರ್‌ನ ದೀಪ ಮಿನುಗತೊಡಗಿತು, ರೀಬಿಲ್ಡ್ 1 ಶೇಕಡಾ ಎಂದು ಪರದೆ ಹೇಳಿತು. ಕೌಂಟರಿನಲ್ಲಿ ಕುಳಿತವರಿಗೆ ಏನೂ ತಿಳಿಯಲಿಲ್ಲ. 4 ಟೆರಾಬೈಟನ್ನು ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೂ 11 ಗಂಟೆ ಬೇಕು. ರೀಬಿಲ್ಡ್‌ಗೆ ಕಾರ್ಡ್ ಮೀಸಲಿಡುವುದು ತನ್ನ ಶಕ್ತಿಯ 30 ಶೇಕಡಾ ಮಾತ್ರವಾದ್ದರಿಂದ, ಕೆಲಸದ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ಎಳೆದ ಡಿಸ್ಕನ್ನು ಮರಳಿ ಹಾಕಿದಾಗ ಕಂಟ್ರೋಲರ್ ಅದನ್ನು 'ಫಾರಿನ್' ಎಂದು ಕರೆಯಿತು. ಅದರ ಮೇಲೆ ಹಳೆಯ ಅರೇಯ ಗುರುತು ಇನ್ನೂ ಇರುತ್ತದೆ. ಅದನ್ನು ಏನು ಮಾಡಲಿ, ಇಂಪೋರ್ಟೋ (ಗುರುತನ್ನು ಒಪ್ಪಿ ಅರೇಯನ್ನು ಮರಳಿ ತರುವುದು) ಕ್ಲಿಯರೋ (ಗುರುತನ್ನು ಅಳಿಸುವುದು) ಎಂದು ಪರದೆ ಕೇಳುತ್ತದೆ. ಇಲ್ಲಿ ಕ್ಲಿಯರ್ ಸರಿ, ಏಕೆಂದರೆ ಅದರಲ್ಲಿದ್ದದ್ದು ಈಗಾಗಲೇ ಹಾಟ್ ಸ್ಪೇರ್‌ಗೆ ಹೋಗಿಯಾಗಿದೆ. ಕ್ಲಿಯರ್ ಮಾಡಿ ಅದನ್ನೇ ಹೊಸ ಹಾಟ್ ಸ್ಪೇರ್ ಮಾಡಿದೆ. ಅಂದು ಫೋನಿನಲ್ಲಿ ಕೆಟ್ಟ ಬೆಳಗ್ಗೆ, ನಾನು ಸ್ಕೂಟರ್ ಹತ್ತಿ ಹೋಗಿ ನೋಡಿದಾಗಲೂ ಇದೇ ಎರಡು ಪದಗಳು ಪರದೆಯ ಮೇಲಿದ್ದವು. ಡಿಸ್ಕಿಗೆ ತಲುಪದ ಒಂದಿಷ್ಟು ಮಾಹಿತಿ ಕ್ಯಾಶ್‌ನಲ್ಲಿ ಉಳಿದಿದೆ, ಬಿಸಾಡಲೇ ಎಂದೂ ಅದು ಕೇಳುತ್ತಿತ್ತು. ಅಂದು ಕ್ಲಿಯರ್ ಒತ್ತಿದ್ದರೆ ಸಂಘದ ಲೆಕ್ಕವೆಲ್ಲ ಹಿಂದಿನ ಶನಿವಾರದ ಬ್ಯಾಕಪ್‌ಗೆ ಹೋಗಿ ನಿಲ್ಲುತ್ತಿತ್ತು. ಬಿಸಾಡಬೇಡ ಎಂದು, ಇಂಪೋರ್ಟ್ ಒತ್ತಿ, ಕೈಕಟ್ಟಿ ನಿಂತೆ. ಎಳೆದ ಡಿಸ್ಕಿನಲ್ಲಿ ದೋಷವಿರಲಿಲ್ಲವಾದ್ದರಿಂದ ಅರೇ ಮೂರು ಕಾಲಿನ ಮೇಲೆ ಎದ್ದು ನಿಂತಿತು. ಅದಾದ ಮೇಲೆಯೇ ನಿಜವಾಗಿ ಕೆಟ್ಟದ್ದನ್ನು ಬದಲಿಸಿದೆವು.

ವಾರಕ್ಕೊಂದು ಬ್ಯಾಕಪ್ ಸಾಲದು ಎಂಬುದನ್ನು ಅಂದೇ ಒಪ್ಪಿಕೊಂಡಿದ್ದರು. ತಪ್ಪಾಗಿ ಅಳಿಸಿದ ಫೈಲನ್ನು ರೇಡ್ ಅಷ್ಟೇ ನಿಷ್ಠೆಯಿಂದ ಎರಡೂ ಡಿಸ್ಕುಗಳಿಂದ ಅಳಿಸುತ್ತದೆ. ಈಗ ಪ್ರತಿ ರಾತ್ರಿ ಹೊರಗಿನ ಡಿಸ್ಕೊಂದಕ್ಕೆ ನಕಲು ಹೋಗುತ್ತದೆ, ಇನ್ನೊಂದು ಡಿಸ್ಕ್ ಕಾರ್ಯದರ್ಶಿಗಳ ಮನೆಯಲ್ಲಿರುತ್ತದೆ, ಸೋಮವಾರ ಎರಡೂ ಅದಲುಬದಲಾಗುತ್ತವೆ. ಕಂಟ್ರೋಲರಿನ ಎಚ್ಚರಿಕೆಗಳು ನನ್ನ ಇಮೇಲ್‌ಗೂ ಬರುವಂತೆ ಮಾಡಿದ್ದೇನೆ, ಏಕೆಂದರೆ ಬೀಪ್ ಶಬ್ದಕ್ಕೆ ಯಾವ ಕಚೇರಿಯಾದರೂ ಎರಡು ದಿನದಲ್ಲಿ ಒಗ್ಗಿಹೋಗುತ್ತದೆ.

ಹೊರಡುವ ಮುನ್ನ ಟ್ರೇಗಳಿಗೆ ಅಂಟಿಸಲು ಬಿಳಿ ಚೀಟಿಗಳನ್ನು ಕೊಟ್ಟೆ. ಹುಡುಗ ತಾನೇ ಸ್ಕೆಚ್ ಪೆನ್ನಿನಲ್ಲಿ ಬರೆದ: 0, 1, 2. ಹಾಟ್ ಸ್ಪೇರ್ ಮಾಡಿದ್ದ ಮೂರರ ಮೇಲೆ ಅಂಕಿಯ ಕೆಳಗೆ 'ಬದಲಿ' ಎಂದು ಸೇರಿಸಿದ. ಖಾಲಿಯಿದ್ದ ಏಳಕ್ಕೂ ಒಂದು ಚೀಟಿ ಅಂಟಿಸಿ, ಮತ್ತೆ ಸೊನ್ನೆಯಿಂದ ಒಮ್ಮೆ ಬೆರಳಿಟ್ಟು ಎಣಿಸಿದ.